ಗೇರುಬೀಜ ಆಗದ ಮಗು



ಕಳೆದ ಸಂಚಿಕೆಯಲ್ಲಿ ಅಡಿಕೆಯ ಎಲೆಚುಕ್ಕಿ ರೋಗದ ಕುರಿತು ಬರೆದಿದ್ದೆ. ಈ ಬಾರಿ ತೋಟದಿಂದ ಅಡಿಗೆಮನೆಗೆ ಬರೋಣ. ಹಿಂದೆ ನಾನಿದ್ದ ಒಂದು ಧರ್ಮಕೇಂದ್ರದಲ್ಲಿ ನಡೆದ ಸಂಗತಿಯಿಂದಲೇ ಪ್ರಾರಂಭಿಸುತ್ತೇನೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಅದನ್ನು ಮುಚ್ಚಿಟ್ಟು ನಿಮಗೆ ಉಪದೇಶ ಮಾಡುವುದು ಸರಿಯಲ್ಲ.

ಕ್ರಿಸ್ಮಸ್ ಹಬ್ಬದ ವಾರ. ಮನೆಮನೆಯಿಂದ ಬಂದ ಕುಸ್ವಾರಿನ ತಟ್ಟೆಗಳು ಬಂಗಲೆಯ ಊಟದ ಮೇಜಿನ ತುಂಬ ಇದ್ದವು. ಧರ್ಮೋಪದೇಶದ ತರಗತಿ ಮುಗಿಸಿ ಬಂದ ಮಕ್ಕಳಿಗೆ ಒಂದೊಂದು ನೆವ್ರಿ ಹಂಚುತ್ತಿದ್ದೆ. ಆರು ವರ್ಷದ ಒಬ್ಬ ಹುಡುಗ ಮಾತ್ರ ಕೈ ಹಿಂದೆ ಕಟ್ಟಿಕೊಂಡು ನಿಂತ. ಅವನನ್ನು ಕರೆದುಕೊಂಡು ಹೋಗಲು ಬಂದಿದ್ದ ಅಜ್ಜಿ, "ಅವನಿಗೆ ಬೀಜ ಆಗುವುದಿಲ್ಲ ಫಾದರ್. ಗಂಟಲು ಕೆರೆಯುತ್ತದೆ ಅನ್ನುತ್ತಾನೆ" ಎಂದರು. ನಾನು ನಕ್ಕೆ. "ಗೇರುತೋಪಿನ ನಡುವೆ ಹುಟ್ಟಿದವನಿಗೆ ಬೀಜ ಆಗುವುದಿಲ್ಲವೆಂದರೆ ಹೇಗೆ ಅಜ್ಜಿ? ತಿನ್ನು ಮಗಾ, ಹಬ್ಬದ ತಿಂಡಿ" ಎಂದು ಕೈಗಿಟ್ಟೆ. ಪಾದ್ರಿ ಕೊಟ್ಟದ್ದನ್ನು ಬೇಡ ಎನ್ನುವವರು ಯಾರು? ಹುಡುಗ ಅರ್ಧ ತಿಂದ.

ಐದು ನಿಮಿಷದೊಳಗೆ ತುಟಿ ಊದಿಕೊಂಡಿತು. ಕುತ್ತಿಗೆ, ಹೊಟ್ಟೆಯ ಮೇಲೆಲ್ಲ ಕೆಂಪು ದದ್ದುಗಳೆದ್ದವು. ತಿಂದದ್ದನ್ನು ವಾಂತಿ ಮಾಡಿದ, ಆಮೇಲೆ ಒಣಕೆಮ್ಮು ಶುರುವಾಯಿತು. ಅಜ್ಜಿ ಪಿತ್ತಗಂಧೆಯೆಂದು ತಿಳಿದು ಪುನರ್ಪುಳಿ ಶರಬತ್ತು ಕೇಳಿದರು. ನಾನು ಮೇಜಿನ ಖಾನೆಯಲ್ಲಿದ್ದ ಸೆಟಿರಿಜಿನ್ ಮಾತ್ರೆ ಹುಡುಕಿ ಅರ್ಧ ಕೊಟ್ಟೆ. ಹೀಗೆ ಇಪ್ಪತ್ತು ನಿಮಿಷ ಕಳೆದವು. ರಿಕ್ಷಾದಲ್ಲಿ ಹತ್ತಿರದ ಒಂದು ಚಿಕಿತ್ಸಾಲಯಕ್ಕೆ ಹೋದರೆ ಅಲ್ಲಿ ತುರಿಕೆಗೆ ಒಂದು, ಊತಕ್ಕೆ ಒಂದು ಇಂಜೆಕ್ಷನ್ ಚುಚ್ಚಿ ಬೆಂಚಿನ ಮೇಲೆ ಕುಳಿತಿರಲು ಹೇಳಿದರು. ಅಷ್ಟರಲ್ಲಿ ಮಗುವಿನ ದನಿ ಒಡೆದು ಹೋಗಿತ್ತು, ಉಸಿರು ಎಳೆಯುವಾಗ ಸೀಟಿ ಹೊಡೆದಂತೆ ಶಬ್ದ. ಅಲ್ಲಿದ್ದ ನರ್ಸ್ ಒಬ್ಬಳು ನನ್ನ ಕಿವಿಯಲ್ಲಿ, "ಇಲ್ಲಿ ಕಾಯಬೇಡಿ ಫಾದರ್, ದೊಡ್ಡ ಆಸ್ಪತ್ರೆಗೆ ಹೋಗಿ" ಎಂದಳು. ದೊಡ್ಡ ಆಸ್ಪತ್ರೆಯಲ್ಲಿ ವೈದ್ಯರು ಒಂದು ಮಾತೂ ಆಡದೆ ಮಗುವಿನ ತೊಡೆಗೆ ಒಂದು ಸಣ್ಣ ಇಂಜೆಕ್ಷನ್ ಕೊಟ್ಟರು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಹುಡುಗ ಕಣ್ಣು ತೆರೆದು ತನ್ನ ಚಪ್ಪಲಿ ಎಲ್ಲಿ ಎಂದು ಕೇಳಿದ. ಅದು ಅಡ್ರಿನಲಿನ್. ಒಂದು ಆಂಪೂಲಿನ ಬೆಲೆ ಹಬ್ಬಕ್ಕೆ ನಾವು ಕೊಳ್ಳುವ ಪಟಾಕಿಗೂ ಸಾಟಿಯಲ್ಲ.

ಆ ಮೇಲೆ ಮಂಗಳೂರಿನಲ್ಲಿ ಆ ಮಗುವನ್ನು ತೋರಿಸಲು ಮೂರು ನಾಲ್ಕು ಸಲ ನಾನೂ ಜೊತೆಗೆ ಹೋದೆ. ಅಲ್ಲಿನ ಮಕ್ಕಳ ತಜ್ಞರಿಂದ ಕೇಳಿ ತಿಳಿದದ್ದನ್ನೂ ಓದಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮಗುವಿನ ಚಿಕಿತ್ಸೆಯನ್ನು ನಿರ್ಧರಿಸಬೇಕಾದವರು ಮಗುವನ್ನು ನೋಡಿದ ವೈದ್ಯರೇ ಹೊರತು ಈ ಪುಟವಲ್ಲ.

ಯಾವುದು ಅಲರ್ಜಿ, ಯಾವುದು ಅಲ್ಲ

ನಮ್ಮ ದೇಹಕ್ಕೆ ಒಂದು ಕಾವಲು ವ್ಯವಸ್ಥೆ ಇದೆ. ರೋಗಾಣುವನ್ನು ಹೊಡೆದೋಡಿಸುವುದು ಅದರ ಕೆಲಸ. ಕೆಲವು ಮಕ್ಕಳಲ್ಲಿ ಈ ಕಾವಲುಗಾರ ಮನೆಗೆ ಬಂದ ನೆಂಟನನ್ನೇ ಕಳ್ಳನೆಂದು ತಿಳಿಯುತ್ತಾನೆ. ಹಾಲಿನ, ಮೊಟ್ಟೆಯ ಅಥವಾ ಬೀಜದ ಪ್ರೋಟೀನಿನ ವಿರುದ್ಧ ಐಜಿಇ ಎಂಬ ಪ್ರತಿಕಾಯ ತಯಾರಾಗುತ್ತದೆ. ಮುಂದಿನ ಸಲ ಅದೇ ವಸ್ತು ಹೊಟ್ಟೆಗೆ ಹೋದಾಗ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳು ಒಮ್ಮೆಗೇ ರಕ್ತಕ್ಕೆ ಬರುತ್ತವೆ. ಹೆಚ್ಚಾಗಿ ಕೆಲವೇ ನಿಮಿಷಗಳಲ್ಲಿ, ತಡವಾದರೆ ಎರಡು ಗಂಟೆಯೊಳಗೆ, ದದ್ದು, ತುಟಿ ಕಣ್ಣುಗಳ ಊತ, ವಾಂತಿ, ಕೆಮ್ಮು, ಉಬ್ಬಸ ಕಾಣಿಸುತ್ತದೆ. ರಕ್ತದ ಒತ್ತಡ ಕುಸಿದು ಪ್ರಜ್ಞೆ ತಪ್ಪುವುದೂ ಉಂಟು. ಫ್ರಾನ್ಸಿನ ಶಾರ್ಲ್ ರಿಶೇ ಎಂಬ ವಿಜ್ಞಾನಿ ಇದನ್ನು ನಾಯಿಗಳಲ್ಲಿ ಕಂಡುಹಿಡಿದು 1913ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಮೊದಲ ಸಲ ತಡೆದುಕೊಂಡ ನಾಯಿ, ಕೆಲವು ವಾರಗಳ ನಂತರ ಅದಕ್ಕಿಂತ ಎಷ್ಟೋ ಕಡಿಮೆ ಪ್ರಮಾಣಕ್ಕೆ ಸತ್ತು ಹೋದದ್ದನ್ನು ಅವರು ನೋಡಿದ್ದರು. ಆದುದರಿಂದ "ಕಳೆದ ಸಲ ಬರೀ ತುರಿಕೆ ಬಂದು ಹೋಯಿತು" ಎಂಬುದು ಧೈರ್ಯ ತಾಳಲು ಕಾರಣವಲ್ಲ.

ಆದರೆ ತಿಂದ ಮೇಲೆ ಆಗುವ ತೊಂದರೆಯೆಲ್ಲ ಅಲರ್ಜಿಯಲ್ಲ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುವುದು ಹೆಚ್ಚಾಗಿ ಹಾಲಿನ ಸಕ್ಕರೆ ಜೀರ್ಣವಾಗದ್ದರಿಂದ. ಅದು ಕಷ್ಟವೇ, ಪ್ರಾಣಾಪಾಯವಲ್ಲ. ಬಂಗುಡೆಯದು ಇನ್ನೊಂದು ಕಥೆ. ಮಂಜುಗಡ್ಡೆಯಿಲ್ಲದೆ ಬಿಸಿಲಲ್ಲಿ ಸುತ್ತಿ ಬಂದ ಬಂಗುಡೆಯಲ್ಲಿ ಬ್ಯಾಕ್ಟೀರಿಯಾಗಳು ಹಿಸ್ಟಮಿನನ್ನು ತಾವೇ ತಯಾರಿಸಿಟ್ಟಿರುತ್ತವೆ. ಎಷ್ಟು ಕುದಿಸಿದರೂ ಅದು ಹೋಗದು. ತಿಂದವರ ಮುಖ ಕೆಂಪೇರಿ ಮೈ ತುರಿಸುತ್ತದೆ, ನೋಡಿದರೆ ಅಲರ್ಜಿಯಂತೆಯೇ. ಒಂದೇ ಪಾತ್ರೆಯ ಸಾರು ತಿಂದ ಮೂವರಿಗೂ ಹಾಗಾದರೆ ತಪ್ಪು ಮೀನಿನದು, ಮಗುವಿನದಲ್ಲ. ಅಂಥ ಒಂದು ದಿನದ ಅನುಭವದಿಂದ ಮಗುವಿಗೆ ಜೀವನಪೂರ್ತಿ ಮೀನು ಬಿಡಿಸಬೇಡಿ.

ಗೇರುಬೀಜ ಸುಲಿಯುವವರ ಕೈ ಸುಡುವ ಸೊನೆಯೂ ಬೇರೆ. ಅದು ಸಿಪ್ಪೆಯ ಎಣ್ಣೆಯಿಂದ ಚರ್ಮಕ್ಕಾಗುವ ತೊಂದರೆ. ಒಳಗಿನ ತಿರುಳಿನ ಪ್ರೋಟೀನಿಗೂ ಅದಕ್ಕೂ ಸಂಬಂಧವಿಲ್ಲ. ನಮ್ಮ ಜಿಲ್ಲೆಯಲ್ಲಿ ಗೇರು ಎಂದೊಡನೆ ಎಂಡೋಸಲ್ಫಾನ್ ನೆನಪಾಗುವುದು ಸಹಜ. 2000ದವರೆಗೆ ಗೇರುತೋಪುಗಳ ಮೇಲೆ ಆಕಾಶದಿಂದ ಸಿಂಪಡಿಸಿದ ಆ ವಿಷವನ್ನು 2011ರಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. ಆ ನೋವನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಗೇರುಬೀಜದ ಅಲರ್ಜಿ ಔಷಧಿ ಸಿಂಪಡಿಸಿದ್ದರಿಂದ ಬರುವುದಲ್ಲ. "ನಮ್ಮದು ಸಾವಯವ, ಏನೂ ಆಗದು" ಎಂದು ಇಂಥ ಮಗುವಿಗೆ ಸ್ವಂತ ತೋಟದ ಬೀಜ ಕೊಟ್ಟರೂ ಆಗುವುದು ಅದೇ.

ರಕ್ತಪರೀಕ್ಷೆಯ ಪಟ್ಟಿ

ಒಬ್ಬ ತಾಯಿ ನನ್ನಲ್ಲಿಗೆ ನಾಲ್ಕು ಪುಟದ ಒಂದು ರಕ್ತಪರೀಕ್ಷೆಯ ವರದಿ ತಂದಿದ್ದರು. ಮಗುವಿಗೆ ಮೈಯಲ್ಲಿ ಕಜ್ಜಿ ಇತ್ತು, ಪೇಟೆಯ ಒಂದು ಲ್ಯಾಬಿನಲ್ಲಿ ಹಣ ಕಟ್ಟಿ ಪರೀಕ್ಷೆ ಮಾಡಿಸಿದ್ದರು. ಅಕ್ಕಿ, ಗೋಧಿ, ಹಾಲು, ತೊಗರಿಬೇಳೆ, ಬದನೆ, ಮೀನು, ತೆಂಗಿನಕಾಯಿ ಎಲ್ಲದರ ಎದುರಿಗೂ ಕೆಂಪು ಗುರುತು. ಎಂಟು ತಿಂಗಳಿನಿಂದ ಮಗುವಿಗೆ ಗಂಜಿನೀರು, ಬಾಳೆಹಣ್ಣು, ಬೇಯಿಸಿದ ಬಟಾಟೆ ಮಾತ್ರ. ಕಜ್ಜಿ ಹೋಗಿರಲಿಲ್ಲ, ಮಗುವಿನ ಕೈಕಾಲು ಮಾತ್ರ ಕಡ್ಡಿಯಾಗಿದ್ದವು. ಇಂಥ ಪಟ್ಟಿಯನ್ನು ಕೈಗಿತ್ತು ಕಳುಹಿಸುವವರ ಮೇಲೆ ನನಗೆ ಸಿಟ್ಟಿದೆ, ಅದನ್ನು ಅಡಗಿಸಲಾರೆ.

ರಕ್ತದಲ್ಲಿ ಪ್ರತಿಕಾಯ ಇರುವುದು ಬೇರೆ, ತಿಂದರೆ ತೊಂದರೆಯಾಗುವುದು ಬೇರೆ. ಕರ್ನಾಟಕದಲ್ಲಿ ವಯಸ್ಕರ ಮೇಲೆ ನಡೆದ ಒಂದು ದೊಡ್ಡ ಸಮೀಕ್ಷೆ 2016ರಲ್ಲಿ ಪ್ರಕಟವಾಯಿತು. ನೂರರಲ್ಲಿ ಸುಮಾರು 26 ಮಂದಿಯ ರಕ್ತದಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಐಜಿಇ ಸಿಕ್ಕಿತು. ನಿಜವಾಗಿ ಅಲರ್ಜಿ ಇರಬಹುದೆಂದು ಕಂಡುಬಂದವರು ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಅಂದರೆ ಬರೀ ವರದಿ ನೋಡಿ ಪಥ್ಯ ಹಿಡಿದರೆ ಸುಮ್ಮನೆ ಹಸಿದಿರುವವರೇ ಹೆಚ್ಚು. ಐಜಿಜಿ ಎಂಬ ಇನ್ನೊಂದು ಪರೀಕ್ಷೆಯನ್ನೂ ಮಾರುತ್ತಾರೆ. ಅಲರ್ಜಿ ಪತ್ತೆಗೆ ಅದರಿಂದ ಏನೂ ಪ್ರಯೋಜನವಿಲ್ಲ.

ತಿಳಿದ ವೈದ್ಯರು ಮೊದಲು ಕೇಳುವುದು ಕಥೆಯನ್ನು: ಏನು ತಿಂದ, ಎಷ್ಟು ತಿಂದ, ಎಷ್ಟು ಹೊತ್ತಿಗೆ ಏನಾಯಿತು, ಹಿಂದೆ ತಿಂದಾಗ ಏನಾಗಿತ್ತು. ಆ ಮೇಲೆ ಸಂಶಯವಿರುವ ಒಂದೆರಡು ವಸ್ತುಗಳಿಗೆ ಮಾತ್ರ ಚರ್ಮದ ಮೇಲೆ ಹನಿಯಿಟ್ಟು ಚುಚ್ಚುವ ಪರೀಕ್ಷೆ ಅಥವಾ ರಕ್ತಪರೀಕ್ಷೆ. ಆಗಲೂ ಸಂದೇಹ ಉಳಿದರೆ ಆಸ್ಪತ್ರೆಯಲ್ಲೇ, ಔಷಧಿ ಸಿದ್ಧವಿಟ್ಟುಕೊಂಡು, ಚೂರುಚೂರಾಗಿ ತಿನ್ನಿಸಿ ನೋಡುತ್ತಾರೆ. ನಮ್ಮ ಹುಡುಗನಿಗೆ ಗೇರುಬೀಜದ ಜೊತೆಗೆ ನೆಲಗಡಲೆ, ಎಳ್ಳುಗಳನ್ನೂ ಮನೆಯವರು ಹೆದರಿ ಬಿಡಿಸಿದ್ದರು. ಹೀಗೆ ತಿನ್ನಿಸಿ ನೋಡಿದಾಗ ಅವೆರಡೂ ಏನೂ ಮಾಡಲಿಲ್ಲ. ಎಳ್ಳಿನ ಲಾಡು ತಿಂದು ಅವನು ನಕ್ಕದ್ದನ್ನು ನೋಡಬೇಕಿತ್ತು. ಗೇರುಬೀಜ ಆಗದವರಿಗೆ ಪಿಸ್ತಾ ಸಾಮಾನ್ಯವಾಗಿ ಆಗುವುದಿಲ್ಲ, ಎರಡೂ ಒಂದೇ ಕುಲದ ಮರಗಳು. ತೆಂಗಿನಕಾಯಿ ಹಾಗಲ್ಲ, ಬೀಜದ ಅಲರ್ಜಿಯಿರುವ ಹೆಚ್ಚಿನ ಮಕ್ಕಳು ಅದನ್ನು ತೊಂದರೆಯಿಲ್ಲದೆ ತಿನ್ನುತ್ತಾರೆ. ನಮ್ಮ ಊರಲ್ಲಿ ತೆಂಗಿನಕಾಯಿ ಬಿಡಿಸಿದರೆ ಆ ಮಗು ಊಟಕ್ಕೆ ಏನು ಮಾಡೀತು!

ಅಪಾಯ ಬಂದಾಗ

ದದ್ದು ಮಾತ್ರ ಎದ್ದು ಮಗು ಆಡಿಕೊಂಡಿದ್ದರೆ ತುರಿಕೆಯ ಔಷಧಿ ಸಾಕಾಗಬಹುದು, ಆದರೂ ಕಣ್ಣಿಟ್ಟಿರಬೇಕು. ಕೆಮ್ಮು, ಉಬ್ಬಸ, ದನಿ ಬದಲಾಗುವುದು, ನಾಲಿಗೆ ಊದುವುದು, ಮೇಲಿಂದ ಮೇಲೆ ವಾಂತಿ, ಮಂಕು, ತಲೆಸುತ್ತು, ಇವುಗಳಲ್ಲಿ ಒಂದು ಸೇರಿದರೂ ಅದು ಅಡ್ರಿನಲಿನ್‌ನ ಹೊತ್ತು. ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ ಕೊಡಬೇಕು, ತಡಮಾಡದೆ ಕೊಡಬೇಕು. ಸೆಟಿರಿಜಿನ್ ತುರಿಕೆಯನ್ನು ಇಳಿಸೀತು, ಮುಚ್ಚಿಕೊಳ್ಳುತ್ತಿರುವ ಗಂಟಲನ್ನು ತೆರೆಯಲಾರದು. ಸ್ಟೀರಾಯ್ಡ್ ಇಂಜೆಕ್ಷನ್ ಕೆಲಸ ಮಾಡಲು ಗಂಟೆಗಳು ಬೇಕು. ಪುನರ್ಪುಳಿ ಶರಬತ್ತು ಸೆಕೆಗೆ ಒಳ್ಳೆಯದು, ನಾನೂ ಕುಡಿಯುತ್ತೇನೆ. ಈ ಹೊತ್ತಿನಲ್ಲಿ ಬಾಯಿಗೆ ಏನನ್ನೂ ಹಾಕಬಾರದು.

ಮಗುವನ್ನು ಮಲಗಿಸಿ ಕಾಲು ಎತ್ತರಿಸಿಡಬೇಕು. ಉಸಿರು ಕಷ್ಟವಾದರೆ ಒರಗಿ ಕುಳ್ಳಿರಿಸಬಹುದು, ವಾಂತಿಯಾದರೆ ಮಗ್ಗುಲಾಗಿಸಿ. ನಿಲ್ಲಿಸಲೂ ಬಾರದು, ರಸ್ತೆಯವರೆಗೆ ನಡೆಸಿಕೊಂಡು ಹೋಗಲೂ ಬಾರದು. ರಕ್ತದ ಒತ್ತಡ ಕುಸಿದಿರುವಾಗ ಎದ್ದು ನಿಂತರೆ ಅಷ್ಟರಲ್ಲೇ ಪ್ರಾಣ ಹೋದದ್ದುಂಟು. ತೋಟದ ನಡುವೆ ಮನೆ ಮಾಡಿಕೊಂಡಿರುವ ನಮಗೆ ಈ ಮಾತು ಮುಖ್ಯ: ಜೀಪು ಬರುವ ದಾರಿಯವರೆಗೆ ಮಗುವನ್ನು ಮಲಗಿಸಿಯೇ ಎತ್ತಿಕೊಂಡು ಹೋಗಿ. ಐದರಿಂದ ಹದಿನೈದು ನಿಮಿಷದಲ್ಲಿ ಗುಣ ಕಾಣದಿದ್ದರೆ ಎರಡನೆಯ ಡೋಸ್ ಕೊಡಬೇಕಾಗುತ್ತದೆ. ಗುಣವಾದರೂ ಆಸ್ಪತ್ರೆಗೆ ಹೋಗಲೇಬೇಕು, ಏಕೆಂದರೆ ಕೆಲವು ಗಂಟೆಗಳ ನಂತರ ಇದು ಮರಳಿ ಬರುವುದುಂಟು.

ಒಮ್ಮೆ ತೀವ್ರವಾಗಿ ಬಂದ ಮಗುವಿನ ಮನೆಯಲ್ಲಿ ಅಡ್ರಿನಲಿನ್ ಇರಬೇಕು. ಒತ್ತಿದರೆ ತಾನೇ ಚುಚ್ಚಿಕೊಳ್ಳುವ ಪೆನ್ನಿನಂಥ ಸಾಧನ ವಿದೇಶಗಳಲ್ಲಿ ಸಾಮಾನ್ಯ. ಅಮೆರಿಕದಲ್ಲಿ 2024ರಲ್ಲಿ ಮೂಗಿಗೆ ಸಿಂಪಡಿಸುವ ಅಡ್ರಿನಲಿನ್‌ಗೂ ಒಪ್ಪಿಗೆ ಸಿಕ್ಕಿತು. ನಮ್ಮ ಊರಿನ ಔಷಧಿ ಅಂಗಡಿಯಲ್ಲಿ ಇವನ್ನು ಕೇಳಿದರೆ ಮುಖ ನೋಡುತ್ತಾರೆ. ಆದರೆ ಒಂದು ಮಿಲಿಲೀಟರಿನಲ್ಲಿ ಒಂದು ಮಿಲಿಗ್ರಾಂ ಇರುವ ಆಂಪೂಲ್ ಮತ್ತು ಸಿರಿಂಜು ಸಿಗುತ್ತದೆ. ಪ್ರಮಾಣ ಮಗುವಿನ ತೂಕದ ಮೇಲೆ: ಒಂದು ಕಿಲೋಗೆ 0.01 ಮಿಲಿಗ್ರಾಂ, ಅಂದರೆ 15 ಕಿಲೋದ ಮಗುವಿಗೆ 0.15 ಮಿಲಿಗ್ರಾಂ. ಇದನ್ನು ಓದಿ ನೀವೇ ಲೆಕ್ಕ ಹಾಕಬೇಡಿ. ವೈದ್ಯರಿಂದ ಬರೆಸಿಕೊಂಡು, ಅವರ ಎದುರಿಗೇ ಎಳೆದು ತೋರಿಸಿ, ಸಿರಿಂಜಿನ ಮೇಲೆ ಗೆರೆ ಗುರುತು ಮಾಡಿಸಿಕೊಳ್ಳಿ. ಮಗು ಬೆಳೆದಂತೆ ಪ್ರಮಾಣವೂ ಬದಲಾಗುತ್ತದೆ. ಬಿಸಿಲು ತಾಗುವ ಕಿಟಕಿಯಲ್ಲಿ, ಜೀಪಿನ ಪೆಟ್ಟಿಗೆಯಲ್ಲಿ ಇಟ್ಟರೆ ಔಷಧಿ ಸತ್ವ ಕಳೆದುಕೊಳ್ಳುತ್ತದೆ. ವಾಯಿದೆ ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಮಗುವಿಗೆ ಉಬ್ಬಸವೂ ಇದ್ದರೆ ಅದರ ಔಷಧಿಯನ್ನು ತಪ್ಪಿಸಬೇಡಿ. ಹತೋಟಿಯಲ್ಲಿಲ್ಲದ ಉಬ್ಬಸ ಅಲರ್ಜಿಯನ್ನು ಇನ್ನಷ್ಟು ಅಪಾಯಕಾರಿ ಮಾಡುತ್ತದೆ.

ನಾಲ್ಕು ಭಾಷೆಗಳ ತೊಡಕು

ನಮ್ಮಲ್ಲಿ ಹಲವರ ಮನೆಯೊಳಗೆ ಕೊಂಕಣಿ, ತೋಟದಲ್ಲಿ ತುಳು, ಶಾಲೆಯಲ್ಲಿ ಮತ್ತು ಈ ಪತ್ರಿಕೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ಮಲಯಾಳ. ಇದು ನಮ್ಮ ಸಂಪತ್ತು, ನಿಜ. ಆದರೆ ಮಲಯಾಳದಲ್ಲಿ ಗೇರುಬೀಜ 'ಕಶುವಂಡಿ', ನೆಲಗಡಲೆ 'ಕಪ್ಪಲಂಡಿ'. ಅವಸರದಲ್ಲಿ ಬರೀ 'ಅಂಡಿ' ಎಂದ ಒಬ್ಬ ತಂದೆಯ ಚೀಟಿಯಲ್ಲಿ ಬರೆದುಕೊಂಡದ್ದು ನೆಲಗಡಲೆ! ನಮ್ಮ ಗೇರುಬೀಜ ಬೆಂಗಳೂರಿನಿಂದ ಬರುವ ಪೊಟ್ಟಣದ ಮೇಲೆ 'ಗೋಡಂಬಿ'ಯಾಗಿರುತ್ತದೆ. ಆದುದರಿಂದ ಮಗುವಿಗೆ ಆಗದ ವಸ್ತುವಿನ ಹೆಸರನ್ನು ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಒಂದು ಕಾರ್ಡಿನಲ್ಲಿ ಬರೆಸಿ ಶಾಲೆಯ ಚೀಲದಲ್ಲಿಡಿ. ಒಂದು ಪ್ರತಿ ಟೀಚರಿಗೆ, ಒಂದು ಧರ್ಮೋಪದೇಶ ಕಲಿಸುವವರಿಗೆ ಕೊಡಿ.

ಪೊಟ್ಟಣದ ತಿಂಡಿಗಳಲ್ಲಿ ಹಾಲು, ಮೊಟ್ಟೆ, ಮೀನು, ಸಿಗಡಿ, ನೆಲಗಡಲೆ, ಗೇರುಬೀಜದಂಥ ಬೀಜಗಳು, ಸೋಯಾ, ಗೋಧಿ ಇದ್ದರೆ ಅದನ್ನು ಎದ್ದು ಕಾಣುವಂತೆ ಮುದ್ರಿಸಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮವಿದೆ. ಎಳ್ಳು ಮೊದಲಾದವುಗಳಿಗೆ ಪೂರ್ತಿ ಪಟ್ಟಿಯನ್ನೇ ಓದಬೇಕು. ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿರುವುದಕ್ಕೆ ಓದಲು ಏನೂ ಇಲ್ಲ, ಕೇಳಬೇಕು. ಮದುವೆಯ ಕೂರ್ಮಕ್ಕೆ, ಪಾಯಸಕ್ಕೆ ಬೀಜ ಅರೆದು ಹಾಕಿದ್ದರೆ ಕಣ್ಣಿಗೆ ಕಾಣುವುದಿಲ್ಲ. ನೆವ್ರಿ ಕರಿದ ಎಣ್ಣೆಯಲ್ಲೇ ಚಕ್ಕುಲಿ ಕರಿದರೆ ಅದೂ ಆ ಮಗುವಿಗೆ ಬೇಡ. ಕೇಳಿದ ತಾಯಿಯನ್ನು ಗರ್ವದವಳು ಎನ್ನಬೇಡಿ. "ಸ್ವಲ್ಪ ಕೊಟ್ಟು ನೋಡೋಣ" ಎನ್ನುವ ದೊಡ್ಡಮ್ಮಂದಿರಿಗೂ ಇದನ್ನು ಓದಿ ಹೇಳಿ. ನಾನು ಕೊಟ್ಟು ನೋಡಿದ್ದೇನೆ.

ಹಸುವಿನ ಹಾಲು ಆಗದ ಶಿಶುವಿಗೆ ಆಡಿನ ಹಾಲು ಒಳ್ಳೆಯದೆಂದು ಹಟ್ಟಿಯಲ್ಲಿ ಆಡು ಕಟ್ಟಿದವರಿದ್ದಾರೆ. ಆಡಿನ, ಎಮ್ಮೆಯ ಹಾಲಿನ ಪ್ರೋಟೀನುಗಳು ಹಸುವಿನದನ್ನೇ ಹೋಲುತ್ತವೆ. ಅಲರ್ಜಿಯಿರುವ ಹೆಚ್ಚಿನ ಮಕ್ಕಳಿಗೆ ಅವೂ ಆಗವು. ಎದೆಹಾಲು ಮುಂದುವರಿಸಿ. ಅದು ಸಾಲದ ಶಿಶುವಿಗೆ ವೈದ್ಯರು ವಿಶೇಷ ಪುಡಿಹಾಲನ್ನು ಸೂಚಿಸುತ್ತಾರೆ. ದೊಡ್ಡ ಮಗುವಾದರೆ ರಾಗಿ, ಬೇಳೆ, ಮೀನು, ಮೊಟ್ಟೆ ಇವುಗಳಿಂದ ಸುಣ್ಣದ ಅಂಶ ಮತ್ತು ಪ್ರೋಟೀನನ್ನು ತುಂಬಿಸಿಕೊಳ್ಳಬಹುದು. ಸಮಾಧಾನದ ಮಾತೆಂದರೆ ಹಾಲು ಮತ್ತು ಮೊಟ್ಟೆಯ ಅಲರ್ಜಿ ಹೆಚ್ಚಿನ ಮಕ್ಕಳಲ್ಲಿ ಬೆಳೆಯುತ್ತಾ ಹೋದಂತೆ ತಾನಾಗಿ ಹೋಗುತ್ತದೆ. ಅವರಲ್ಲಿ ಹಲವರು ಕೇಕಿನಲ್ಲಿ ಚೆನ್ನಾಗಿ ಬೆಂದ ಮೊಟ್ಟೆಯನ್ನು ಮೊದಲೇ ತಡೆದುಕೊಳ್ಳುತ್ತಾರೆ, ಆದರೆ ಇದನ್ನು ವೈದ್ಯರ ಎದುರಿಗೇ ಪರೀಕ್ಷಿಸಬೇಕು. ನೆಲಗಡಲೆಯದು ಐವರಲ್ಲಿ ಒಬ್ಬರಿಗೆ, ಗೇರುಬೀಜದಂಥವುಗಳದು ಹತ್ತರಲ್ಲಿ ಒಬ್ಬರಿಗೆ ಹೋಗಬಹುದು. ಸಿಗಡಿ, ಮೀನಿನದು ಸಾಮಾನ್ಯವಾಗಿ ಉಳಿದುಬಿಡುತ್ತದೆ. ಮೊಟ್ಟೆ ಆಗದ ಮಗುವಿಗೆ ದಡಾರದ ಲಸಿಕೆಯನ್ನು ತಪ್ಪಿಸಬೇಡಿ, ಅದನ್ನು ಕೊಡಬಹುದು.

ಹೊಸ ಚಿಕಿತ್ಸೆಗಳು

"ಇದಕ್ಕೆ ಮದ್ದೇ ಇಲ್ಲವೇ ಫಾದರ್?" ಎಂದು ಆ ಅಜ್ಜಿ ಕೇಳಿದ್ದರು. ಬೇರುಸಹಿತ ಕೀಳುವ ಮದ್ದು ಇನ್ನೂ ಇಲ್ಲ. ಆದರೆ ಮೊದಲಿನಂತೆ ಕೈಕಟ್ಟಿ ಕೂರುವ ಸ್ಥಿತಿಯೂ ಅಲ್ಲ.

ಒಂದು ದಾರಿ, ಆಗದ ವಸ್ತುವನ್ನೇ ಕಣಕಣವಾಗಿ ಕೊಟ್ಟು ದೇಹವನ್ನು ಪಳಗಿಸುವುದು. ಯೋಚನೆ ಹಳೆಯದು. ಇಂಗ್ಲೆಂಡಿನ ವೈದ್ಯ ಸ್ಕೋಫೀಲ್ಡ್ ಮೊಟ್ಟೆ ಆಗದ 13 ವರ್ಷದ ಹುಡುಗನಿಗೆ ಮೊಟ್ಟೆಯ ಅತಿ ಸೂಕ್ಷ್ಮ ಅಂಶವನ್ನು ಗುಳಿಗೆ ಮಾಡಿ ಕೊಡುತ್ತಾ ಬಂದು, ಕೊನೆಗೆ ಅವನು ಮೊಟ್ಟೆ ತಿನ್ನುವಂತಾದುದನ್ನು 1908ರಲ್ಲಿ ವರದಿ ಮಾಡಿದ್ದರು. ನೂರಕ್ಕೂ ಹೆಚ್ಚು ವರ್ಷಗಳ ನಂತರ, 2020ರಲ್ಲಿ, ಅಮೆರಿಕ ಸರಕಾರ ನೆಲಗಡಲೆಯ ಅಲರ್ಜಿಗೆ ಅಳತೆ ಮಾಡಿದ ನೆಲಗಡಲೆ ಪುಡಿಯನ್ನೇ ಔಷಧಿಯಾಗಿ ಒಪ್ಪಿತು. ಪ್ರಮಾಣ ಏರಿಸುವ ಪ್ರತಿಯೊಂದು ಹೆಜ್ಜೆಯೂ ಆಸ್ಪತ್ರೆಯಲ್ಲಿ, ನಡುವಿನ ದಿನಗಳಲ್ಲಿ ಮನೆಯಲ್ಲಿ, ತಿಂಗಳುಗಟ್ಟಲೆ. ಕೊನೆಗೆ ಮುಟ್ಟುವ ದಿನದ ಪ್ರಮಾಣ ಸುಮಾರು ಒಂದು ನೆಲಗಡಲೆಯಷ್ಟು! ಇಷ್ಟಕ್ಕೆ ಇಷ್ಟೆಲ್ಲವೇ ಎನಿಸಬಹುದು. ಉದ್ದೇಶ ನೆಲಗಡಲೆ ಚಿಕ್ಕಿ ತಿನ್ನಿಸುವುದಲ್ಲ. ತಪ್ಪಿ ಒಂದು ಚೂರು ಬಾಯಿಗೆ ಹೋದರೆ ಪ್ರಾಣಕ್ಕೆ ಅಪಾಯವಾಗಬಾರದು ಎಂಬುದು. ನಿಲ್ಲಿಸಿದರೆ ಗಳಿಸಿದ್ದು ಹೋಗಬಹುದು. ಜ್ವರ ಬಂದ ದಿನ, ಓಡಿ ದಣಿದ ಹೊತ್ತಿನಲ್ಲಿ ಅದೇ ಪ್ರಮಾಣ ತಿರುಗಿ ಬೀಳಬಹುದು. ಹೊಟ್ಟೆನೋವು, ವಾಂತಿ ಸಾಮಾನ್ಯ. ಕೆಲವು ವೈದ್ಯರು ಹಾಲು, ಮೊಟ್ಟೆ, ಬೀಜಗಳಿಗೂ ಹೀಗೆಯೇ ಮಾಡುತ್ತಾರೆ. ಇದನ್ನು ಓದಿ ಮನೆಯ ಅಡಿಗೆಮನೆಯಲ್ಲಿ ಬೀಜ ಕೆರೆದು ಕೊಡಲು ಹೊರಡಬೇಡಿ, ಕೈಮುಗಿದು ಹೇಳುತ್ತೇನೆ.

ಇನ್ನೊಂದು, ಒಮಲಿಜುಮಾಬ್ ಎಂಬ ಇಂಜೆಕ್ಷನ್. ಉಬ್ಬಸಕ್ಕೆ ಇದು 2003ರಿಂದಲೇ ಬಳಕೆಯಲ್ಲಿದೆ. ರಕ್ತದಲ್ಲಿರುವ ಐಜಿಇಯನ್ನು ಹಿಡಿದು ಕಟ್ಟಿಹಾಕುತ್ತದೆ. 2024ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಒಂದು ವರ್ಷ ದಾಟಿದ ಮಕ್ಕಳ ಆಹಾರದ ಅಲರ್ಜಿಗೂ ಇದಕ್ಕೆ ಒಪ್ಪಿಗೆ ದೊರೆಯಿತು. ಅದಕ್ಕೆ ಆಧಾರವಾದ ಪ್ರಯೋಗದಲ್ಲಿ ಸುಮಾರು ನಾಲ್ಕು ತಿಂಗಳ ಇಂಜೆಕ್ಷನ್ ನಂತರ ನೂರರಲ್ಲಿ 67 ಮಕ್ಕಳು ಎರಡು ಮೂರು ನೆಲಗಡಲೆಯಷ್ಟನ್ನು ತಡೆದುಕೊಂಡರು. ಬರೀ ನೀರಿನಂಥ ಇಂಜೆಕ್ಷನ್ ಪಡೆದವರಲ್ಲಿ ನೂರಕ್ಕೆ 7 ಮಾತ್ರ. ನಮ್ಮ ಗೇರುಬೀಜದ ವಿಷಯದಲ್ಲಿ ಫಲ ಅಷ್ಟು ದೊಡ್ಡದಲ್ಲ: 41ಕ್ಕೆ ಎದುರಾಗಿ 3. ಎರಡು ಅಥವಾ ನಾಲ್ಕು ವಾರಕ್ಕೊಮ್ಮೆ ಚುಚ್ಚಿಸಿಕೊಳ್ಳುತ್ತಲೇ ಇರಬೇಕು, ಬೆಲೆ ಬಹಳ. ಅಡಿಕೆಗೆ ಒಳ್ಳೆಯ ಧಾರಣೆ ಇರುವ ವರ್ಷದಲ್ಲೂ ನಮ್ಮಂಥ ಮನೆಗಳು ಎರಡು ಸಲ ಯೋಚಿಸಬೇಕಾದ ಖರ್ಚು. ಹಲವು ವಸ್ತುಗಳು ಆಗದ, ಮತ್ತೆ ಮತ್ತೆ ಆಸ್ಪತ್ರೆ ಸೇರುವ ಮಗುವಿಗೆ ಇದು ತಕ್ಕುದಾಗಬಹುದು. ನಮ್ಮ ಹುಡುಗನಂತೆ ಒಂದೇ ವಸ್ತು ಆಗದಿದ್ದರೆ ಅದನ್ನು ಬಿಟ್ಟು ಅಡ್ರಿನಲಿನ್ ಕೈಯಲ್ಲಿಟ್ಟುಕೊಳ್ಳುವುದೇ ಲೇಸೆಂದು ಅವನ ವೈದ್ಯರು ಹೇಳಿದರು, ಮನೆಯವರೂ ಒಪ್ಪಿದರು. ಇಂಜೆಕ್ಷನ್ ಪಡೆಯುತ್ತಿರುವವರೂ ವರ್ಜಿಸಬೇಕಾದ್ದನ್ನು ವರ್ಜಿಸಲೇಬೇಕು. ಅಪಾಯದ ಹೊತ್ತಿಗೆ ಇದು ಮದ್ದೂ ಅಲ್ಲ.

ಬರದಂತೆ ತಡೆಯುವ ವಿಷಯದಲ್ಲಿ ವೈದ್ಯಶಾಸ್ತ್ರ ತನ್ನ ಮಾತನ್ನೇ ತಿರುಗಿಸಿದೆ. 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘ, ಅಲರ್ಜಿಯ ಸಂಭವ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷದವರೆಗೆ ನೆಲಗಡಲೆ ಬೇಡ ಎಂದಿತ್ತು. 2008ರಲ್ಲಿ ಆ ಸಲಹೆಯನ್ನು ಕೈಬಿಟ್ಟಿತು. ಲಂಡನಿನ ಡಾಕ್ಟರ್ ಗಿಡಿಯನ್ ಲ್ಯಾಕ್ ಮತ್ತು ಸಂಗಡಿಗರು, ತೀವ್ರ ಕಜ್ಜಿ ಅಥವಾ ಮೊಟ್ಟೆಯ ಅಲರ್ಜಿಯಿದ್ದ 640 ಶಿಶುಗಳಲ್ಲಿ ಅರ್ಧದಷ್ಟು ಮಂದಿಗೆ ಹನ್ನೊಂದು ತಿಂಗಳೊಳಗೇ ನೆಲಗಡಲೆಯ ತಿಂಡಿ ಕೊಡಲಾರಂಭಿಸಿ ಐದು ವರ್ಷದವರೆಗೆ ನೋಡಿದರು. ಫಲಿತಾಂಶ 2015ರಲ್ಲಿ ಬಂತು: ತಿನ್ನದವರಲ್ಲಿ ನೂರಕ್ಕೆ 17 ಮಂದಿಗೆ ಅಲರ್ಜಿ, ತಿಂದವರಲ್ಲಿ 3. ಹಾಗಾಗಿ ಆರು ತಿಂಗಳಾಗುತ್ತಿರುವ ಶಿಶುವಿಗೆ ರಾಗಿ ಮಣ್ಣಿಯ ಜೊತೆಗೆ ಚೆನ್ನಾಗಿ ಬೇಯಿಸಿದ ಮೊಟ್ಟೆ, ನುಣ್ಣಗೆ ಅರೆದ ನೆಲಗಡಲೆ ಕೊಡಲು ಹೆದರಬೇಕಾಗಿಲ್ಲ. ಇಡೀ ಕಾಳನ್ನು ಕೊಡಬಾರದು, ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತದೆ. ಮೈತುಂಬ ಕಜ್ಜಿಯಿರುವ ಶಿಶುವಾದರೆ ಮೊದಲು ವೈದ್ಯರನ್ನು ಕೇಳಿ.

ಪರಮಪ್ರಸಾದದ ಕುರಿತು ಒಂದು ಮಾತು. ಗೋಧಿ ಆಗದ ಮಕ್ಕಳ ತಂದೆತಾಯಂದಿರು ಪ್ರಥಮ ಪರಮಪ್ರಸಾದದ ಹಿಂದಿನ ದಿನ ಅಳುತ್ತಾ ಬರುವುದು ಬೇಡ, ತಿಂಗಳ ಮೊದಲೇ ಬನ್ನಿ. ರೊಟ್ಟಿ ಗೋಧಿಯದೇ ಆಗಿರಬೇಕೆಂಬುದು ಧರ್ಮಸಭೆಯ ನಿಯಮ. ಗ್ಲೂಟನ್ ಅತಿ ಕಡಿಮೆಯಿರುವ ರೊಟ್ಟಿಗೆ 2003ರ ರೋಮಿನ ಪತ್ರ ಅನುಮತಿ ನೀಡುತ್ತದೆ, 2017ರಲ್ಲೂ ಅದನ್ನು ಪುನಃ ಹೇಳಿದ್ದಾರೆ. ಅದೂ ಆಗದ ಮಗುವಿಗೆ ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಕೊಡಬಹುದು, ಅದಕ್ಕೆ ರೊಟ್ಟಿಯ ಚೂರು ಬೀಳದ ಬೇರೆ ಪಾತ್ರೆ ಬೇಕು. ಹಾಗೆ ಸ್ವೀಕರಿಸಿದ ಮಗುವಿಗೆ ಏನೂ ಕಡಿಮೆಯಾಗುವುದಿಲ್ಲ.

ಮುಂದಿನ ತಿಂಗಳ ಮೊದಲ ಆದಿತ್ಯವಾರ ಎರಡನೆಯ ಬಲಿಪೂಜೆಯ ನಂತರ ಸಭಾಭವನದಲ್ಲಿ, ನಮ್ಮ ಧರ್ಮಕೇಂದ್ರದವರೇ ಆದ ಇಬ್ಬರು ನರ್ಸುಗಳು ಆಂಪೂಲ್ ಒಡೆಯುವುದು, ಗೆರೆಯವರೆಗೆ ಎಳೆಯುವುದು, ಚುಚ್ಚುವುದು ಹೇಗೆಂದು ಮೂಸಂಬಿಯ ಮೇಲೆ ತೋರಿಸುತ್ತಾರೆ. ಇಂಥ ಮಕ್ಕಳಿರುವ ಮನೆಯವರು ಮಾತ್ರವಲ್ಲ, ನೆರೆಯವರೂ, ರಿಕ್ಷಾ ಜೀಪು ಓಡಿಸುವವರೂ ಬನ್ನಿ. ವೈದ್ಯರು ಬರೆದುಕೊಟ್ಟ ಚೀಟಿ ಇದ್ದರೆ ತನ್ನಿ. ಬರುವ ಕ್ರಿಸ್ಮಸ್‌ಗೆ ಬಂಗಲೆಗೆ ಕುಸ್ವಾರ್ ಕಳುಹಿಸುವವರು ಬೀಜ ಹಾಕಿದ್ದನ್ನು ಬೇರೆ ಪೊಟ್ಟಣ ಕಟ್ಟಿ, ಮೇಲೆ ಬರೆದು ಕಳುಹಿಸಿ.